ಹಾಯಿಗೆ ಹಾಕಿದ ಹೊಲಿಗೆ

ಎಲ್ಲರೂ ಸಮುದ್ರ ನೋಡುತ್ತಿದ್ದರು. ಪ್ರೇಮಲತಾ ಒಂದು ಹೊಲಿಗೆಯನ್ನು ನೋಡುತ್ತಿದ್ದಳು.

ವಿಶಾಖಪಟ್ಟಣದ ಬಂದರಿನ ದಂಡೆಯಲ್ಲಿ ನೋಡುವವರು ಕೂರಲೆಂದು ಕಬ್ಬಿಣದ ಮೆಟ್ಟಿಲು ಕಟ್ಟಿದ್ದರು. ಅದರ ಕೆಳಗೇ ನೀರಿಗಿಳಿಯುವ ಇಳಿಜಾರು. ಅಲ್ಲಿ ಚಿಕ್ಕ ಚಿಕ್ಕ ದೋಣಿಗಳು ಸಾಲುಗಟ್ಟಿದ್ದವು. ಒಂದು ದೋಣಿಗೆ ಒಂದೇ ಹಾಯಿ, ನಡೆಸುವವರೂ ಒಬ್ಬರೇ. ಊರಿಗೆ ಊರೇ ಬಂದು ಸೇರಿದ್ದು ಆಮೇಲೆ ನಡೆಯುವ ದೊಡ್ಡ ದೋಣಿಗಳ ಪಂದ್ಯಕ್ಕೆ. ಪ್ರೇಮಲತಾ ಚಳ್ಳಕೆರೆಯಿಂದ, ಗುಂತಕಲ್ಲಿನಲ್ಲಿ ರೈಲು ಹತ್ತಿ ಬಂದದ್ದು ಈ ಚಿಕ್ಕವರ ಪಂದ್ಯಕ್ಕೆ. ಅವಳ ತಮ್ಮ ಮಾರುತೇಶನ ಮಗಳು ರಶ್ಮಿತಾ ಅಲ್ಲಿ ಕೆಂಪು ಟೋಪಿ ಹಾಕಿಕೊಂಡು ತನ್ನ ಹಾಯಿ ಏರಿಸುತ್ತಿದ್ದಳು. ಆ ಹಾಯಿಯ ನಡುವೆ ಮೇಲಿಂದ ಕೆಳಗೆ ಇಳಿದಿದ್ದ ಹೊಲಿಗೆ ಪ್ರೇಮಲತಾಳ ಕೈಯದ್ದು.

“ನಮ್ಮ ಶೇಂಗಾಕ್ಕೆ ಹೊದಿಸಿದ್ದಲ್ಲ, ಅದೇ ಅಲ್ವೇನೇ ಇದು?” ಎಂದಳು ಪಕ್ಕದಲ್ಲಿ ಕಂಬಳಿ ಮಡಿಸಿ ಹಾಕಿಕೊಂಡು ಕೂತಿದ್ದ ತಾಯಿ ಸೂರಮ್ಮ.

“ಅಲ್ಲ ಕಣವ್ವ. ಅದು ತಾಡಪಾಲು. ಇದು ಹಾಯಿ.”

“ಹೊಲಿದೋಳು ಒಬ್ಬಳೇ ತಾನೆ?”

ಇನ್ನೊಂದು ಪಕ್ಕದಲ್ಲಿದ್ದ ಮಾರುತೇಶ ನಕ್ಕ. “ಹಂಗೆ ಹೇಳವ್ವ. ನಾನು ಬೆಳಿಗ್ಗೆಯಿಂದ ಅದನ್ನೇ ಬಡ್ಕೊಳ್ತಾ ಇದೀನಿ.”

ಮಾರುತೇಶ ನೌಕಾಪಡೆಯವನು. ಮೊಳಕಾಲ್ಮುರಿನ ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಕೆರೆಯಲ್ಲೂ ನೀರು ಕಾಣದೆ ಬೆಳೆದು, ಹಡಗಿನ ಇಂಜಿನ್ ಕೋಣೆಗೆ ಸೇರಿದವನು. ಮಗಳನ್ನು ನೀರಿನ ಮೇಲೆ ಬಿಟ್ಟವನೂ ಅವನೇ, ಅವಳು ನೀರಿಗಿಳಿದಾಗಲೆಲ್ಲ ಉಗುರು ಕಚ್ಚುವವನೂ ಅವನೇ. ಈ ಸಲ ಅವನ ಹೆದರಿಕೆಗೆ ಕಾರಣವಿತ್ತು. ಹಿಂದಿನ ದಿನದ ಅಭ್ಯಾಸದಲ್ಲಿ ಇನ್ನೊಂದು ದೋಣಿ ಬಂದು ಬಡಿದು ರಶ್ಮಿತಾಳ ಒಳ್ಳೆಯ ಹಾಯಿ ಅತ್ತಿಂದಿತ್ತ ಸೀಳಿಹೋಗಿತ್ತು. ಹೊಸದು ಬರಲು ವಾರ ಹಿಡಿಯುತ್ತದೆ. ಪಂದ್ಯ ಇರುವುದು ಎರಡೇ ದಿನ. ಎರಡೂ ದಿನ ಸೇರಿಸಿ ಮೊದಲ ಮೂವರಲ್ಲಿ ಬಂದವರಿಗೆ ದೊಡ್ಡ ದೋಣಿಯ ತಂಡದ ಜೊತೆ ವರ್ಷವಿಡೀ ಕಲಿಯುವ ಅವಕಾಶ. ಉಳಿದಿದ್ದದ್ದು ಹಿಂದೊಮ್ಮೆ ಸೀಳಿದ್ದ ಹಳೆಯ ಹಾಯಿ ಒಂದೇ. ಹೋದ ದೀಪಾವಳಿಗೆ ಊರಿಗೆ ಬಂದಾಗ ರಶ್ಮಿತಾ ಅದನ್ನು ಸುತ್ತಿಕೊಂಡು ತಂದು ಅತ್ತೆಯ ಕೈಲಿ ಹೊಲಿಸಿಕೊಂಡು ಹೋಗಿದ್ದಳು.

“ಅಕ್ಕಾ, ನಿನ್ನ ಹೊಲಿಗೆ ಚೆನ್ನಾಗಿರ್ತೈತೆ, ಇಲ್ಲ ಅನ್ನಲ್ಲ,” ಎಂದಿದ್ದ ಮಾರುತೇಶ ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ. “ಆದ್ರೆ ಅದು ಶೇಂಗಾ ರಾಶಿಗೆ. ನಡುನೀರಲ್ಲಿ ಹರಿದ್ರೆ ಇವಳ ಕತೆ ಅಲ್ಲಿಗೆ ಮುಗೀತು.”

“ನಮ್ಮೂರ ಕಡೆ ತಳಕಿನ ಬಯಲಾಗೆ ಆಷಾಢದ ಗಾಳಿ ನೋಡೀಯೇನೋ? ಎಮ್ಮೆ ನಿಂತ್ರೆ ಎಮ್ಮೆ ಅಲ್ಲಾಡ್ತೈತೆ. ನನ್ನ ತಾಡಪಾಲು ಅಲ್ಲಾಡಲ್ಲ.”

“ಅಪ್ಪಾ, ದೋಣಿ ನಂದು. ಅತ್ತೆ ಹೊಲಿದಿದ್ದು ಹರಿಯಲ್ಲ,” ಎಂದು ರಶ್ಮಿತಾ ಮಾತು ಮುಗಿಸಿದ್ದಳು.

ಹುಡುಗಿ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಪ್ರೇಮಲತಾ ಅರ್ಧ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದಳು.

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಅವಳ ಶೆಡ್ಡು. ತಾಡಪಾಲು ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಲಾರಿಯ ಹೊದಿಕೆಗೆ ಹಗ್ಗ ತೂರಿಸುವ ಕಣ್ಣು ಕೂರಿಸುವುದು ಅಲ್ಲಿನ ಕೆಲಸ. ಮದುವೆಯಾಗಿ ಬಂದ ಹೊಸತರಲ್ಲಿ ಹೊತ್ತು ಹೋಗಲೆಂದು ರವಿಕೆ ಹೊಲಿಯುತ್ತಿದ್ದವಳು. ಒಂದು ವರ್ಷ ಅಕಾಲದ ಮಳೆಗೆ ಕಣದಲ್ಲಿದ್ದ ಶೇಂಗಾ ನೆನೆದು ಮೊಳಕೆ ಒಡೆದದ್ದನ್ನು ಕಂಡ ಮೇಲೆ ರವಿಕೆ ಬಿಟ್ಟು ದಪ್ಪ ಸೂಜಿಯ ಮಿಷಿನ್ ತಂದಳು. ಈಗ ಅದೇ ಬೀದಿಯ ಸಿದ್ದಕ್ಕನ ಜೊತೆ ಇನ್ನೂ ಕೆಲವು ಹೆಂಗಸರು ಅಲ್ಲಿ ಕೂತು ಹೊಲಿಯುತ್ತಾರೆ. ಮೋಡ ಕಟ್ಟಿದ ದಿನ ರೈತರು ಬಾಗಿಲಲ್ಲಿ ಕಾಯುತ್ತಾರೆ. ಎಲ್ಲಾದರೂ ಸೋರಿದರೆ ತಾಡಪಾಲು ತಂದು ಅವಳ ಕಾಲ ಬಳಿ ಬಿಸಾಕಿ, “ಏನಕ್ಕಾ ಇದು, ಜರಡೀನಾ?” ಎನ್ನುತ್ತಾರೆ. ಪ್ರೇಮಲತಾ ವಾದಕ್ಕಿಳಿಯುವುದಿಲ್ಲ. ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ಹಾಗೆ ಬಿಸಾಕಿದವರೇ ಮುಂದಿನ ವರ್ಷವೂ ಬರುತ್ತಾರೆ.

ಮನೆಯವರದು ಬೇರೆ ರೀತಿ. ಗಂಡ, ತಮ್ಮ, ಓರಗಿತ್ತಿಯರು, ಎಲ್ಲರಿಗೂ ಅವಳ ಕೆಲಸ ‘ಚೆನ್ನಾಗೈತೆ’. ನೋಡದೆಯೇ ಚೆನ್ನಾಗೈತೆ. ಮಗು ಗೋಡೆಯ ಮೇಲೆ ಗೀಚಿದ್ದನ್ನು ಹೊಗಳುವ ಹಾಗೆ. ಇಷ್ಟು ವರ್ಷಗಳಲ್ಲಿ ಅವರಲ್ಲಿ ಒಬ್ಬರೂ ಅವಳ ಹೊಲಿಗೆಯಲ್ಲಿ ಒಂದು ತಪ್ಪು ಹುಡುಕಿ ತೋರಿಸಿದ್ದಿಲ್ಲ. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆದರೆ ಪ್ರೀತಿ ಬೇರೆ, ಕೆಲಸವನ್ನು ಕೆಲಸವೆಂದು ನೋಡುವುದು ಬೇರೆ. ಈ ವ್ಯತ್ಯಾಸವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ‘ಅದಕ್ಯಾಕೆ ಬೇಜಾರು’ ಎಂದು ಇನ್ನಷ್ಟು ಪ್ರೀತಿ ಮಾಡುವವರು ಅವರು.

ರಶ್ಮಿತಾ ಹಾಯಿಯನ್ನು ಶೆಡ್ಡಿನ ನೆಲದ ತುಂಬ ಹರಡಿದ ದಿನ ಹೆಂಗಸರೆಲ್ಲ ಮಿಷಿನ್ ಬಿಟ್ಟು ಎದ್ದು ಬಂದಿದ್ದರು. ತೆಳ್ಳಗೆ ಹೊಳೆಯುವ, ಮುಟ್ಟಿದರೆ ಚರಚರ ಎನ್ನುವ ಬಟ್ಟೆ. “ಗಾಳಿ ಒಳಗೆ ನುಗ್ಗದಂಗೆ ಜನ್ಮಪೂರ್ತಿ ತಾಡಪಾಲಿನ ಮೇಲೆ ಕಲ್ಲು ಹೇರಿದ್ದಾತು, ಇದು ಗಾಳಿ ತುಂಬ್ಕಳೋಕಂತೆ!” ಎಂದು ಸಿದ್ದಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದಳು. ಪ್ರೇಮಲತಾ ಸೀಳಿನ ಎರಡೂ ಅಂಚನ್ನು ಮಡಿಸಿ, ಒಂದರೊಳಗೊಂದು ಸಿಕ್ಕಿಸಿ, ಮೇಲೆ ಎರಡು ಸಾಲು ಹೊಲಿಗೆ ಹಾಕಿದ್ದಳು. ತಾಡಪಾಲಿನೊಳಗೆ ಹನಿ ಇಳಿಯದಂತೆ ತಡೆಯುವುದು ಆ ಮಡಿಪೇ. ರಶ್ಮಿತಾ ಅಜ್ಜಿಯ ಕಂಬಳಿಯಿಂದ ಕರಿ ಉಣ್ಣೆಯ ಎಳೆಗಳನ್ನು ಕಿತ್ತು ಹಾಯಿಯ ಮೇಲೆ ಅಲ್ಲಲ್ಲಿ ಅಂಟಿಸಿಕೊಂಡಳು.

“ದೃಷ್ಟಿ ಆಗಬಾರ್ದು ಅಂತೇನೇ?” ಎಂದು ಸೂರಮ್ಮ ಕೇಳಿದ್ದಳು.

“ಅಲ್ಲಜ್ಜಿ. ಗಾಳಿ ಹೆಂಗೆ ಹೋಗ್ತೈತೆ ಅಂತ ಇವು ತೋರಿಸ್ತಾವೆ. ಗಾಳಿ ಸರಾಗ ಹೋದ್ರೆ ಎಳೆ ನೆಟ್ಟಗೆ ಮಲಗ್ತಾವೆ. ಇಲ್ಲಾಂದ್ರೆ ಕುಣೀತಾವೆ.”

ಈಗ ದೋಣಿಗಳೆಲ್ಲ ನೀರಿನಲ್ಲಿದ್ದವು. ಭೋಂ ಎಂದು ಪಂದ್ಯದ ಕೊಂಬು ಮೊಳಗಿತು. ಮೊದಲಿಗೆ ಎಲ್ಲವೂ ಸಾಮಾನ್ಯ ದೋಣಿಗಳ ಹಾಗೆ ನೀರನ್ನು ಒದ್ದುಕೊಂಡು, ಅಲೆಯ ಮೇಲೆ ಧಡಧಡ ಬಡಿದುಕೊಂಡು ಹೋದವು. ಆಮೇಲೆ ಮುಂದಿದ್ದ ಒಂದು ದೋಣಿ ಇದ್ದಕ್ಕಿದ್ದಂತೆ ನೀರು ಬಿಟ್ಟು ಮೇಲೆದ್ದಿತು. ಅದರ ಹೊಟ್ಟೆಯ ಕೆಳಗೆ ಮೊಳದೆತ್ತರ ಬೆಳಕು ಕಂಡಿತು. ನೀರಿನೊಳಗೆ ಮುಳುಗಿದ ಒಂದು ತೆಳು ರೆಕ್ಕೆಯ ಮೇಲೆ ಅದು ನಿಂತೇ ಓಡುತ್ತಿತ್ತು. ಬಡಿತದ ಸದ್ದು ನಿಂತು ಒಂದು ಸಣ್ಣ ಗುಂಯ್ ಮಾತ್ರ ಉಳಿಯಿತು.

“ಅಯ್ಯೋ, ಎದ್ದೇಬಿಡ್ತಲ್ಲೋ!” ಸೂರಮ್ಮ ಬಾಯಲ್ಲಿದ್ದ ಎಲೆಅಡಿಕೆ ಮರೆತಳು. “ಹೆದ್ದಾರೀಲಿ ಬಸ್ಸು ಹೋದಂಗೆ ಹೋಗ್ತೈತಲ್ಲೋ ಮಾರುತೇಶ, ಬ್ರೇಕು ಐತಾ ಇದಕ್ಕೆ?”

“ಇಲ್ಲವ್ವ.”

“ನನ್ನ ಮೊಮ್ಮಗಳನ್ನ ಬ್ರೇಕಿಲ್ಲದ್ದಕ್ಕೆ ಕೂರಿಸೀಯಲ್ಲೋ, ನಿನ್ನ ಬುದ್ಧಿಗಿಷ್ಟು!”

ರಶ್ಮಿತಾಳ ದೋಣಿಯೂ ಎದ್ದಿತು. ಸ್ವಲ್ಪ ತಡವಾಗಿ ಎದ್ದಿತು. ಪ್ರೇಮಲತಾ ತಮ್ಮನ ಕೈಯಿಂದ ದುರ್ಬೀನು ಕಿತ್ತುಕೊಂಡು ಕಣ್ಣಿಗಿಟ್ಟಳು. ಗಾಳಿ ಒಮ್ಮೆ ಜೋರಾಗಿ ಬೀಸಿತು. ಹಾಯಿ ಉಬ್ಬಿತು. ಅವಳಿಗೆ ತನ್ನ ಎರಡು ಸಾಲು ಹೊಲಿಗೆ ಬಿಲ್ಲಿನ ಹೆದೆಯಂತೆ ಬಿಗಿದದ್ದು ಕಂಡಿತು. ಹರಿಯಲಿಲ್ಲ. ಇನ್ನೊಂದು ಬೀಸು. ದೋಣಿ ಓರೆಯಾಗಿ, ಹುಡುಗಿ ಅಂಚಿನಾಚೆಗೆ ಬೆನ್ನು ಚಾಚಿ ತೂಗಿದಳು. ಹರಿಯಲಿಲ್ಲ. ಫೋನು ಗುನುಗಿತು. ಚಳ್ಳಕೆರೆಯಿಂದ ಸಿದ್ದಕ್ಕ.

“ಅಕ್ಕಾ, ನಾವೆಲ್ಲಾ ಮೊಬೈಲ್‌ನಾಗೆ ನೋಡ್ತಾ ಇದೀವಿ. ಇರುವೆ ಹರಿದಾಡಿದಂಗೆ ಕಾಣ್ತೈತೆ. ಹೊಲಿಗೆ ಹೆಂಗೈತೆ ಹೇಳು.”

“ನಿಂತೈತೆ ಕಣೇ. ಇಡು ಫೋನು.”

ಹೊಲಿಗೆ ನಿಂತಿತು ಎಂದು ಖಾತ್ರಿಯಾದ ಮೇಲೆಯೇ ಅವಳ ಕಣ್ಣು ಹೊಲಿಗೆಯಿಂದ ಆಚೀಚೆ ಸರಿದದ್ದು. ಹಾಗೆ ಸರಿದಾಗ ಕರಿ ಎಳೆಗಳು ಕಂಡವು. ಹೊಲಿಗೆಯ ಮುಂದಿನ ಎಳೆಗಳು ಹಾಯಿಗೆ ಅಂಟಿಕೊಂಡು ಬಾಚಿದ ಕೂದಲಿನಂತೆ ನೆಟ್ಟಗೆ ಮಲಗಿದ್ದವು. ಹೊಲಿಗೆಯ ಹಿಂದಿನ ಎಳೆಗಳು ಮಲಗಲೇ ಇಲ್ಲ. ಮೇಲೇಳುತ್ತಿದ್ದವು, ಸುತ್ತುತ್ತಿದ್ದವು, ಮತ್ತೆ ಮೇಲೇಳುತ್ತಿದ್ದವು. ಅವಳು ಪಕ್ಕದ ದೋಣಿಯ ಹಾಯಿಯ ಕಡೆ ದುರ್ಬೀನು ತಿರುಗಿಸಿದಳು. ಅಲ್ಲಿ ಎಲ್ಲ ಎಳೆಗಳೂ ಮಲಗಿದ್ದವು. ಮತ್ತೆ ತನ್ನದಕ್ಕೆ ಬಂದಳು. ಕುಣಿತ.

ಮಡಿಪು ಎಂದು ಅವಳಿಗೆ ಹೊಳೆಯಿತು. ಕಾಲುವೆಯ ನೀರಿಗೆ ಅಡ್ಡ ಒಂದು ಕಲ್ಲಿಟ್ಟರೆ ಕಲ್ಲಿನ ಹಿಂದೆ ನೀರು ಗಿರಗಿರನೆ ಸುತ್ತುತ್ತದೆ. ಅವಳು ಗಾಳಿಗೆ ಅಡ್ಡವಾಗಿ ಬೆರಳಗಲದ ಬದುವೊಂದನ್ನು ಕಟ್ಟಿಕೊಟ್ಟಿದ್ದಳು. ತಾಡಪಾಲಿಗೆ ಗಾಳಿ ಶತ್ರು, ನೀರು ಶತ್ರು. ಎರಡನ್ನೂ ತಡೆಯುವುದನ್ನೇ ಕಲಿತ ಕೈ, ಗಾಳಿಯನ್ನು ಹೋಗಗೊಡಬೇಕಾದ ಬಟ್ಟೆಯಲ್ಲೂ ತಡೆಯನ್ನೇ ಹೊಲಿದಿತ್ತು. ಪ್ರತಿ ತಿರುವಿನಲ್ಲೂ ಬೇರೆ ದೋಣಿಗಳು ಬೇಗ ಮೇಲೆದ್ದವು. ರಶ್ಮಿತಾಳದು ನೀರಿನಲ್ಲಿ ಕೂತು, ಒದ್ದಾಡಿ, ಆಮೇಲೆ ಎದ್ದಿತು. ಅವಳು ಆರನೆಯವಳಾಗಿ ಮುಗಿಸಿದಳು.

ಮಾರುತೇಶ ಎರಡೂ ಕೈಯಿಂದ ಮುಖ ಉಜ್ಜಿಕೊಂಡ. “ಅಬ್ಬಾ! ಹರೀಲಿಲ್ಲ. ಅಕ್ಕಾ, ಚೆನ್ನಾಗೈತೆ ನಿನ್ನ ಹೊಲಿಗೆ!”

“ಚೆನ್ನಾಗಿಲ್ಲ ಕಣೋ,” ಎಂದಳು ಪ್ರೇಮಲತಾ.

ರಶ್ಮಿತಾ ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಬಂದು ಅತ್ತೆಯ ಕಾಲ ಬಳಿ ಕೂತಳು. ಅಷ್ಟರಲ್ಲಿ ದೊಡ್ಡ ದೋಣಿಗಳ ಪಂದ್ಯ ಶುರುವಾಗಿ ಇಡೀ ದಂಡೆ ಎದ್ದು ನಿಂತಿತು. ಒಂದೊಂದೂ ಎರಡು ಹೊಟ್ಟೆಯ, ಹಾಯಿಯ ಬದಲು ಮನೆಯೆತ್ತರದ ರೆಕ್ಕೆ ನಿಲ್ಲಿಸಿದ ದೋಣಿ. ಅವು ದಂಡೆಯ ಹತ್ತಿರಕ್ಕೇ ನುಗ್ಗಿ ಬಂದು, ಇನ್ನೇನು ಕಲ್ಲಿಗೆ ಬಡಿಯುತ್ತವೆ ಎನ್ನುವಾಗ ಗಕ್ಕನೆ ತಿರುಗಿದವು. ನೀರಿನ ತುಂತುರು ಸೂರಮ್ಮನ ಕಂಬಳಿಯವರೆಗೂ ಹಾರಿತು. ಜನ ಕಿರುಚಿದರು. ಪ್ರೇಮಲತಾಳಿಗೂ ಮೈ ಜುಮ್ಮೆಂದಿತು. ಆದರೆ ಅವಳು ನೋಡಿದ್ದು ಆ ರೆಕ್ಕೆಗಳ ಮೈಯನ್ನು. ಎಲ್ಲೂ ಒಂದು ಮಡಿಪಿಲ್ಲ, ಒಂದು ಗೆರೆ ಎದ್ದಿಲ್ಲ. ಆಗತಾನೆ ಸಾರಿಸಿದ ಕಣದಂತೆ ನುಣ್ಣಗಿತ್ತು.

“ಹೊಲಿಗೆ ಹಿಂದಿನ ಎಳೆ ಕುಣೀತಿತ್ತು,” ಎಂದಳು ಗದ್ದಲ ತಗ್ಗಿದ ಮೇಲೆ. “ನಿನಗೆ ಗೊತ್ತಿತ್ತು ಅಲ್ವೇನೇ?”

ರಶ್ಮಿತಾ ಟೋಪಿಯ ನೀರು ಹಿಂಡಿದಳು. “ಹೂಂ ಅತ್ತೆ.”

“ಯಾವಾಗಿಂದ?”

“ಊರಿಂದ ತಂದ ಮೇಲೆ ಒಂದ್ಸಲ ಓಡಿಸ್ದಾಗಲೇ.”

“ಮತ್ತೆ ಹೇಳಲಿಲ್ಲ?”

“ನೀವು ಅಷ್ಟು ಕೆಲಸದ ಮಧ್ಯೆ ಕೂತು ಹೊಲಿದುಕೊಟ್ರಿ. ಬೇಜಾರಾಗ್ತೈತೇನೋ ಅಂತ.”

ತಮ್ಮ ಹಂಗಿಸಿದ್ದು ಚುಚ್ಚಿರಲಿಲ್ಲ, ಇದು ಚುಚ್ಚಿತು. ಈ ಹುಡುಗಿಗೂ ತಾನು ಗೋಡೆಯ ಮೇಲೆ ಗೀಚುವ ಮಗುವೇ. ಆದರೆ ಆ ನೋವು ಹೆಚ್ಚು ಹೊತ್ತು ನಿಲ್ಲಲಿಲ್ಲ, ಅದರ ಹಿಂದೆಯೇ ಕೈಗಳಲ್ಲಿ ಚಡಪಡಿಕೆ ಶುರುವಾಗಿತ್ತು. ಬಾಗಿಲಲ್ಲಿ ಯಾರೋ ತಾಡಪಾಲು ಬಿಸಾಕಿದಾಗ ಆಗುವಂಥದ್ದೇ ಚಡಪಡಿಕೆ.

“ಬೇಜಾರು ಮಾಡ್ಕಳೋಕೆ ನಾನೇನು ನಿನ್ನೆ ಬಂದ ಸೊಸೇನಾ? ಎಲ್ಲೈತೆ ಹಾಯಿ? ನಡಿ.”

ಹಾಯಿ ರಿಪೇರಿಯ ಶೆಡ್ಡು ಇಳಿಜಾರಿನ ಪಕ್ಕದಲ್ಲೇ ಇತ್ತು. ಒಳಗೆ ಕಾಲು ಚಾಚಿ ನೆಲದ ಮೇಲೆ ಕೂತಿದ್ದವಳು ಅಲ್ಲಿ ಹಾಯಿ ಹೊಲಿಯುವ ನೂಕರತ್ನಂ, ಪ್ರೇಮಲತಾಳ ವಯಸ್ಸಿನವಳೇ, ಎರಡೂ ಹೊಳ್ಳೆಗೆ ಮೂಗುಬೊಟ್ಟು. ಬಿಚ್ಚಿದ ಹಾಯಿಯ ಮೇಲೆ ಬೆರಳಾಡಿಸಿ, “ಇದಿ ಎವರು ಕುಟ್ಟಾರು?” ಎಂದು ಕೇಳಿದಳು.

“ನೇನೇ ಕುಟ್ಟಾನು,” ನಾನೇ ಹೊಲಿದದ್ದು, ಎಂದಳು ಪ್ರೇಮಲತಾ. ಮೊಳಕಾಲ್ಮುರಿನ ಕಡೆ ಹುಟ್ಟಿದವರಿಗೆ ತೆಲುಗು ಯಾರೂ ಕಲಿಸಬೇಕಾಗಿಲ್ಲ, ಅದು ಬೇಲಿಯಾಚೆಯಿಂದ ತಾನೇ ಬರುತ್ತದೆ. ಆಮೇಲೆ ಇಬ್ಬರೂ ಅದರಲ್ಲೇ ಮಾತಾಡಿದರು.

“ಎಷ್ಟು ಗಟ್ಟಿ ಹೊಲಿದಿದೀಯಮ್ಮಾ! ದೋಣಿ ಮುಳುಗಿದರೂ ಇದು ಬಿಡಲ್ಲ,” ಎಂದು ನೂಕರತ್ನಂ ನಕ್ಕಳು. “ಏನು ಹೊಲೀತೀಯ ನಿಮ್ಮೂರಲ್ಲಿ?”

“ಶೇಂಗಾದ ಹೊದಿಕೆ.”

“ನಾನು ಮೊದಲು ಮೀನಿನ ಬಲೆ ಹೆಣೀತಿದ್ದೆ. ನನ್ನ ಮೊದಲ ಹಾಯಿ ನೋಡಿದವರು, ಇದರಲ್ಲಿ ಮೀನು ಹಿಡೀಬಹುದು ಅಂದಿದ್ರು. ಅಂಚು ಮಡಿಸಬಾರದು. ಎರಡನ್ನೂ ಒಂದಕ್ಕೊಂದು ತಾಗಿಸಿ, ಎರಡೂ ಕಡೆ ಅಂಟುಪಟ್ಟಿ ಹಾಕಿ, ಮೇಲೆ ಜಿಗ್‌ಜಾಗ್ ಹೊಲಿಗೆ ಓಡಿಸಬೇಕು. ನಾನು ಮಾಡ್ಲಾ?”

“ನಾನು ಹಾಕಿದ್ದು ನಾನೇ ಬಿಚ್ತೀನಿ. ನೀವು ಪಕ್ಕದಲ್ಲಿರಿ.”

ಹಿಂದೆಯೇ ಬಂದಿದ್ದ ಮಾರುತೇಶ ಬಾಗಿಲಿಗೆ ಅಡ್ಡ ನಿಂತ. “ಅಕ್ಕಾ, ಸುಮ್ನೆ ಇರು. ಇವತ್ತು ಹರೀಲಿಲ್ಲ, ನಾಳೇನೂ ಹರಿಯಲ್ಲ. ಬಿಚ್ಚಿದ್ರೆ ಸೂಜಿ ತೂತು ಸಾಲಾಗಿ ಉಳೀತಾವೆ. ಆ ಸಾಲಿಗೇ ಸರಿಯಾಗಿ ಪರ್ ಅಂತ ಹೋಗ್ತೈತೆ.”

ಅವನು ಹೇಳಿದ್ದು ಸುಳ್ಳಲ್ಲ. ತೂತುಬಿದ್ದ ಸಾಲು ಹರಿಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿಟ್ಟರೆ ಹಾಯಿ ಉಳಿಯುತ್ತದೆ, ಹುಡುಗಿ ಆರನೆಯವಳಾಗಿಯೇ ಉಳಿಯುತ್ತಾಳೆ. ಬಿಚ್ಚಿದರೆ ಎರಡೂ ಹೋಗಬಹುದು. ಅವಳು ಮಡಿಪಿನ ಉದ್ದಕ್ಕೂ ಅಂಗೈ ಎಳೆದಳು. ಶೇಂಗಾ ಬೆಳೆದವನು ತಾಡಪಾಲು ಬಿಸಾಕಿದಾಗ ಅವಳು ಯೋಚಿಸಿದ್ದುಂಟೇ, ಬಿಚ್ಚಲೋ ಬೇಡವೋ ಎಂದು?

“ಹರೀದೆ ಇದ್ರೆ ಸಾಕು ಅನ್ನೋದಾದ್ರೆ ತಾಡಪಾಲನ್ನೇ ಕಟ್ಕಂಡು ಹೋಗ್ಲಿ ಬಿಡೋ. ತೂತು ಮುಚ್ಚೋ ಅಷ್ಟು ಅಗಲದ ಪಟ್ಟಿ ಹಾಕ್ತೀನಿ. ಹೊಸ ಹೊಲಿಗೆ ಹಳೇ ಸಾಲಿನ ಆಚೆಗೆ ಬೀಳ್ತೈತೆ.” ಆಮೇಲೆ ಹುಡುಗಿಯ ಕಡೆ ತಿರುಗಿದಳು. “ದೋಣಿ ನಿಂದು. ನನಗೆ ಬೇಜಾರಾಗ್ತೈತೆ ಅಂತ ನೋಡಬೇಡ. ಬಿಚ್ಚಲೋ ಬೇಡವೋ?”

ರಶ್ಮಿತಾ ಅಪ್ಪನನ್ನು ನೋಡಲಿಲ್ಲ. “ಬಿಚ್ಚಿ ಅತ್ತೆ.”

ಸಂಜೆಯ ಬಿಸಿಲು ಬಾಗಿಲಿನಿಂದ ಒಳಗೆ ಬೀಳುತ್ತಿತ್ತು. ಪ್ರೇಮಲತಾ ಒಂದೊಂದೇ ನೂಲು ಕತ್ತರಿಸಿ ತನ್ನ ಹೊಲಿಗೆಯನ್ನು ತಾನೇ ಬಿಚ್ಚಿದಳು. ನೂಕರತ್ನಂ ಕೊಟ್ಟ ಹಳೆಯ ತುಂಡಿನ ಮೇಲೆ ಮೊದಲು ಹೊಲಿದು ನೋಡಿದಳು. ನೂಕರತ್ನಂ ಅದನ್ನು ಎಳೆದು ತಲೆಯಾಡಿಸಿ, “ಬಿಗಿ ಜಾಸ್ತಿ ಆಯ್ತು. ನಿನಗೆ ಬಿಡೋದೇ ಗೊತ್ತಿಲ್ಲ ಕಣಮ್ಮಾ,” ಎಂದಳು. ಮತ್ತೊಂದು ತುಂಡು. ಅದೂ ಬಿಗಿ. ಮೂರನೆಯದನ್ನು ಎಳೆದು ನೋಡಿ ನೂಕರತ್ನಂ ಹಾಯಿಯನ್ನೇ ತಂದು ಸೂಜಿಯ ಕೆಳಗಿಟ್ಟಳು. ಅಷ್ಟು ಹೊತ್ತಿನ ಬೈಗುಳಗಳಲ್ಲಿ ಪ್ರೇಮಲತಾಳಿಗೆ ಸಿಕ್ಕಿದ ಸುಖ, ಮನೆಯವರ ಹೊಗಳಿಕೆಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಮರುದಿನ ಗಾಳಿ ಇನ್ನೂ ಜೋರಿತ್ತು. ಅಂದು ಮೂರು ಪಂದ್ಯ. ಕೊಂಬು ಊದಿದಾಗ ಪ್ರೇಮಲತಾ ದುರ್ಬೀನು ಹಿಡಿದು ಹಾಯಿಯನ್ನು ನೋಡಿದಳು. ದೋಣಿ ಎದ್ದಿತು, ಎಲ್ಲರ ಜೊತೆಗೇ ಎದ್ದಿತು. ಹೊಲಿಗೆಯ ಮುಂದಿನ ಎಳೆಗಳು ಮಲಗಿದವು. ಹಿಂದಿನವು ಒಮ್ಮೆ ಕೊಸರಿ, ಅವೂ ಮಲಗಿದವು. ಅಷ್ಟು ಸಾಕಾಗಿತ್ತು. ಅವಳು ದುರ್ಬೀನನ್ನು ತಮ್ಮನ ಮಡಿಲಿಗೆ ಹಾಕಿ, ಮೊದಲ ಬಾರಿಗೆ ಬರಿಗಣ್ಣಿನಿಂದ ಪಂದ್ಯ ನೋಡಿದಳು.

ನೋಡಿದರೆ ಅದೊಂದು ಜಗತ್ತೇ ಆಗಿತ್ತು. ನೀರಿನ ಮೇಲೆ ಗಾಳಿ ನಡೆದು ಬರುವುದು ಕಾಣುತ್ತಿತ್ತು, ಹಸಿರು ನೀರು ಕಪ್ಪಾಗುತ್ತಾ, ಊರ ಕಡೆಯ ಕುದಾಪುರದ ಕಾವಲಿನ ಹುಲ್ಲು ಬಾಗುತ್ತಾ ಬರುವ ಹಾಗೆ. ಆ ಕಪ್ಪು ತಲುಪಿದ ದೋಣಿ ಜಿಗಿಯುತ್ತಿತ್ತು. ರಶ್ಮಿತಾ ಅದನ್ನೇ ಹುಡುಕಿ ಹುಡುಕಿ ಹೋಗುತ್ತಿದ್ದಳು. ಮೊದಲ ಪಂದ್ಯದಲ್ಲಿ ನಾಲ್ಕನೆಯವಳಾದಳು, ಎರಡನೆಯದರಲ್ಲಿ ಎರಡನೆಯವಳು. ಕೊನೆಯದಕ್ಕೆ ಲೆಕ್ಕ ಸರಳವಾಗಿತ್ತು: ನೀಲಿ ಪಟ್ಟೆಯ ದೋಣಿಗಿಂತ ಮುಂದೆ ಬಂದರೆ ಒಟ್ಟು ಮೂರನೆಯ ಸ್ಥಾನ, ಇಲ್ಲವಾದರೆ ಇಲ್ಲ.

ಕೊನೆಯ ತಿರುವು ದಂಡೆಯ ಹತ್ತಿರವೇ ಇತ್ತು. ಎರಡೂ ದೋಣಿಗಳು ಜೊತೆಜೊತೆಗೇ ಬಂದವು. ಸೂರಮ್ಮ ಎದ್ದು ನಿಂತು, ಕಣದಲ್ಲಿ ರಾಶಿ ತೂರುವಾಗ ಗಾಳಿಯನ್ನು ಕರೆಯುವ ದನಿಯಲ್ಲಿ “ಬಾರಪ್ಪೋ ಗಾಳಿರಾಯಾ, ಬಾರೋ!” ಎಂದು ಕೂಗಿದಳು. ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ಪ್ರೇಮಲತಾಳೂ ನಾಚದೆ ದನಿಗೂಡಿಸಿದಳು. ನೀರು ಕಪ್ಪಾಯಿತು. ಗಾಳಿ ಇಬ್ಬರಿಗೂ ಒಂದೇ ಸಮನಾಗಿ ಬಂತು, ಅದು ಯಾರ ಕಡೆಯದೂ ಅಲ್ಲ. ನೀಲಿ ಪಟ್ಟೆಯದು ತಿರುಗುವಾಗ ಒಮ್ಮೆ ನೀರಿಗೆ ಕೂತಿತು. ರಶ್ಮಿತಾಳದು ಕೂರಲಿಲ್ಲ. ಗುಂಯ್ ಎನ್ನುತ್ತಲೇ ತಿರುಗಿ, ಗುಂಯ್ ಎನ್ನುತ್ತಲೇ ಗುರಿ ದಾಟಿತು.

ಸೂರಮ್ಮ ಅಪರಿಚಿತ ಹೆಂಗಸೊಬ್ಬಳನ್ನು ಅಪ್ಪಿಕೊಂಡಿದ್ದಳು. ಫೋನಿನಲ್ಲಿ ಸಿದ್ದಕ್ಕ, ಅವಳ ಹಿಂದೆ ಇಡೀ ಶೆಡ್ಡು ಕೂಗುತ್ತಿತ್ತು. ಪ್ರೇಮಲತಾ ತಮ್ಮನ ಕಡೆ ತಿರುಗಿದಳು. ಮಾರುತೇಶ ಕಣ್ಣಿನಿಂದ ದುರ್ಬೀನು ತೆಗೆದಿರಲಿಲ್ಲ. ದಂಡೆಗೆ ಬರುತ್ತಿದ್ದ ಹಾಯಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡುತ್ತಿದ್ದ. ಈಗ ‘ಚೆನ್ನಾಗೈತೆ’ ಅನ್ನುತ್ತಾನೆ ಎಂದು ಅವಳು ಕಾದಳು.

“ಅಕ್ಕಾ,” ಎಂದ, ಹುಬ್ಬು ಗಂಟಿಕ್ಕಿ. “ಮೇಲ್ತುದೀಲಿ ಒಂಚೂರು ಸುಕ್ಕು ಬಂದೈತಲ್ಲ. ಅಲ್ಲಿ ಪಟ್ಟಿ ಎಳೆದು ಅಂಟಿಸೀಯೇನೋ.”

ಪ್ರೇಮಲತಾ ಅವನ ಮುಖವನ್ನೇ ನೋಡಿದಳು. ನಗು ಬಂತು. ತಡೆಯಲು ಹೋಗಲಿಲ್ಲ.

“ಹೂಂ ಕಣೋ, ಎಳೆದಿದ್ದೆ,” ಎಂದು ಅವನ ಕೈಯಿಂದ ದುರ್ಬೀನು ಇಸಿದುಕೊಂಡಳು. “ಎಲ್ಲಿ, ಸರಿಯಾಗಿ ತೋರ್ಸು.”